ನಿರ್ಬಂಧ ಸಡಿಲಾಗುವಾಗ ಕಬ್ಬು ಕಡಿಯುವವರ ರಕ್ಷಣೆ

(ಹಂಗಾಮು ಪೂರ್ವ ಸಭಾಸದರ ಮೇಳಾವೆಯಲ್ಲಿ ನಮ್ಮ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಪ್ರತಿ ವರ್ಷ ಈ ಮೇಳಾವೆಯಲ್ಲಿ ಬೀಜದ ಆಯ್ಕೆ, ಕುಳೆ ಕಬ್ಬಿನ ಜೋಪಾನ, ಗೊಣ್ಣೆ ಹುಳದ ಬಂದೋಬಸ್ತು ಇವುಗಳ ಬಗ್ಗೆ ನಾನು ಮಾತನಾಡುವುದು ರೂಢಿ. ಈ ಸಲ ಆ ವಿಷಯಗಳನ್ನು ಗಟ ಕಚೇರಿಯ ನಮ್ಮ ಸಹಾಯಕರು ನಿಮ್ಮ ನಿಮ್ಮ ಊರುಗಳಲ್ಲಿ ತಿಳಿಸುವರು. ನನಗೆ ಕೊಟ್ಟ ವೇಳೆಯನ್ನು ಕಬ್ಬು ಕಡಿಯುವವರ ಸಲುವಾಗಿ ಉಪಯೋಗಿಸಬೇಕೆಂದು ಅಧ್ಯಕ್ಷರ ಅಪ್ಪಣೆ ಪಡೆದಿದ್ದೇನೆ. ಕಾರಣ, ಬರುವ ವಾರ್ಷಿಕ ಸಭೆಯಲ್ಲಿ ಒಂದು ಠರಾವು ನಿಮ್ಮ ಮುಂದೆ ಬರಲಿದೆ. ಸಾಂಕ್ರಾಮಿಕ ರೋಗದ ಕಾಲದಲ್ಲಿ ಜ್ವರ ಬಿದ್ದ ಕಡಿಯುವವರ ಕೂಲಿಯನ್ನು ಭರ್ತಿ ಮಾಡಿಕೊಡಲು ಟನ್ನಿಗೆ 2 ರೂಪಾಯಿಯಂತೆ ಒಂದು ನಿಧಿ ಕೂಡಿಸಬೇಕೆಂಬುದು ಅದರ ಸಾರಾಂಶ. ಕೈ ಎತ್ತುವ ಮೊದಲು ಅದರ ಹಿಂದಿನ ಲೆಕ್ಕ ನಿಮಗೆ ತಿಳಿದಿರಬೇಕು.

"ಕೊರೊನಾ ಹೋಗಿ ವರ್ಷಗಳಾದವು, ಈಗೇಕೆ ಈ ಮಾತು ಸಾಹೇಬರೇ?" ಎಂದು ಕೆಲವರು ಈಗಾಗಲೇ ಕೇಳಿದ್ದಾರೆ. ಕೇಳುವುದು ನ್ಯಾಯವೇ. ಆದರೆ ಬೆಂಕಿ ಹತ್ತಿದ ಮೇಲೆ ಬಾವಿ ತೋಡಲು ಆಗುವುದಿಲ್ಲ. ರೋಗ ಬಂದಾಗ ಬಾಗಿಲು ಹಾಕುವುದು ಸರಕಾರಕ್ಕೆ ಒಂದು ರಾತ್ರಿಯ ಕೆಲಸವಾಯಿತು. ಹಾಕಿದ ಬಾಗಿಲನ್ನು ತೆರೆಯುವುದೇ ಕಠಿಣ. ತೆರೆಯುವಾಗ ಯಾರು ಮೊದಲು ಹೊರಗೆ ಬಂದರು, ಯಾರು ಒಳಗೇ ಉಳಿದರು, ಯಾರ ಮೈಮೇಲೆ ಅದರ ಭಾರ ಬಿತ್ತು ಎಂಬುದನ್ನು 2020ರಲ್ಲಿ ನಾವೆಲ್ಲ ಕಣ್ಣಾರೆ ಕಂಡಿದ್ದೇವೆ.

ಆ ವರ್ಷದ್ದನ್ನು ಸ್ವಲ್ಪ ನೆನಪಿಸಿಕೊಳ್ಳಿರಿ. 2019-20ರ ಹಂಗಾಮು ಮೊದಲೇ ಸಣ್ಣದು. 2018ರ ಬರಗಾಲ ಒಂದು ಕಡೆ, 2019ರ ಆಗಸ್ಟಿನಲ್ಲಿ ಕೊಲ್ಲಾಪುರ-ಸಾಂಗಲಿಗೆ ಬಂದ ಮಹಾಪೂರ ಇನ್ನೊಂದು ಕಡೆ. ಇಡೀ ಮಹಾರಾಷ್ಟ್ರದಲ್ಲಿ ಆ ಸಾಲಿನಲ್ಲಿ ನುರಿದ ಕಬ್ಬು ಸುಮಾರು 550 ಲಕ್ಷ ಟನ್ ಮಾತ್ರ. ಮಾರ್ಚ್ 25ರಿಂದ ದೇಶವೆಲ್ಲ ಬಂದ್ ಆದಾಗ ಅನೇಕ ಕಾರಖಾನೆಗಳ ಪಟ್ಟಾ ಆಗಲೇ ಇಳಿದಿತ್ತು, ಉಳಿದವು ನಡೆದಿದ್ದವು. ಸಕ್ಕರೆ ಜೀವನಾವಶ್ಯಕ ವಸ್ತು, ಆದ್ದರಿಂದ ಕಾರಖಾನೆಗೆ ಬಂದ್ ಇಲ್ಲ ಎಂದು ಆಯಿತು. ಬಸ್ಸು ನಿಂತಿತು, ರೈಲು ನಿಂತಿತು, ಸಂತೆ ನಿಂತಿತು, ಗುಡಿಯ ಬಾಗಿಲು ಮುಚ್ಚಿತು. ಕೋಯ್ತಾ ಮಾತ್ರ ನಿಲ್ಲಲಿಲ್ಲ.

ಹೊಲದಲ್ಲಿ ಕಬ್ಬು ನಿಂತ ರೈತನಿಗೆ ಅದರಿಂದ ಉಪಕಾರವೇ ಆಯಿತು, ಅದನ್ನು ಅಲ್ಲಗಳೆಯಲಾರೆ. ಕಡಿಯದೇ ಬಿಟ್ಟ ಕಬ್ಬು ಮೇ ತಿಂಗಳ ಬಿಸಿಲಿಗೆ ತೂಕ ಕಳೆದುಕೊಳ್ಳುತ್ತಿತ್ತು, ಕುಳೆ ಹಾಳಾಗುತ್ತಿತ್ತು. ಆದರೆ ಕಡಿಯುವವನ ಕಡೆಯಿಂದ ನೋಡಿರಿ. ಬೀಡದಿಂದಲೋ, ನಮ್ಮದೇ ಜತ್ತ ತಾಲೂಕಿನ ಬರಡು ಊರುಗಳಿಂದಲೋ, ಗಡಿಯಾಚೆಯ ವಿಜಯಪುರ ಜಿಲ್ಲೆಯ ಲಂಬಾಣಿ ತಾಂಡೆಗಳಿಂದಲೋ ಬಂದು, ರವದಿ ಹೊದಿಸಿದ ಖೋಪಿಯಲ್ಲಿ ಹೆಂಡತಿ ಮಕ್ಕಳೊಡನೆ ಇದ್ದಾನೆ. ಸುತ್ತಲಿನ ಊರಿನವರು ಬಾವಿಯ ಹತ್ತಿರ ಬರಬೇಡ ಎನ್ನುತ್ತಾರೆ. ಅಂಗಡಿ ಮುಚ್ಚಿದೆ. ಅವನ ಸ್ವಂತ ಊರಿನವರು ಹಾದಿಗೆ ಕಲ್ಲು ಮುಳ್ಳು ಹಾಕಿ, ಹೊರಗಿನಿಂದ ಬಂದವರನ್ನು ಬಿಡುವುದಿಲ್ಲ ಎಂದು ಕುಳಿತಿದ್ದಾರೆ. ಪಡಿತರ ಚೀಟಿ ಊರಲ್ಲಿ ಮುದುಕರ ಕೈಯಲ್ಲಿದೆ. ಫಡ ಮುಗಿದ ಮೇಲೂ ಜಿಲ್ಲೆಯ ಸರಹದ್ದು ದಾಟುವ ಹಾಗಿಲ್ಲ. ಈ ರೀತಿ ರಾಜ್ಯದ 38 ಕಾರಖಾನೆಗಳ ಆವಾರದಲ್ಲಿ, ತಾತ್ಪೂರ್ತಿಕ ಆಶ್ರಯದಲ್ಲಿ ಉಳಿದವರ ಸಂಖ್ಯೆ ಸುಮಾರು 1 ಲಕ್ಷ 31 ಸಾವಿರ. 2020ರ ಏಪ್ರಿಲ್ 17ರಂದು ರಾಜ್ಯ ಸರಕಾರ ಇವರಿಗೆ ಊರಿಗೆ ಹೋಗಲು ಪರವಾನಗಿ ಕೊಟ್ಟಿತು. ವೈದ್ಯಕೀಯ ತಪಾಸಣೆ ಮಾಡಿಸಿ ಕಳಿಸುವ ಹೊಣೆಯನ್ನು ಕಾರಖಾನೆಗಳ ಮೇಲೆ ಇಟ್ಟಿತು.

ನಿರ್ಬಂಧ ಸಡಿಲಿಸುವ ಆದೇಶಗಳು ಆ ಬಳಿಕ ಒಂದರ ಹಿಂದೆ ಒಂದು ಬಂದವು. ಏಪ್ರಿಲ್ 20ರಿಂದ ಒಕ್ಕಲುತನಕ್ಕೆ ಮತ್ತು ಹಳ್ಳಿಗಾಡಿನ ಉದ್ಯೋಗಗಳಿಗೆ ಸಡಿಲಿಕೆ. ಅದಕ್ಕಾಗಿ ಕೇಂದ್ರ ಸರಕಾರ ಏಪ್ರಿಲ್ 15ರಂದು ಹೊರಡಿಸಿದ ಸೂಚನೆಗಳಲ್ಲಿ ಕೆಲಸದ ಸ್ಥಳದಲ್ಲಿ ಕೈ ತೊಳೆಯುವ ವ್ಯವಸ್ಥೆ, ಅಂತರ, ಒಳಗೆ ಬರುವವರ ಜ್ವರ ನೋಡುವುದು, ಅಷ್ಟೇ ಅಲ್ಲ, ಕಾರ್ಮಿಕರ ವೈದ್ಯಕೀಯ ವಿಮೆ ಕಡ್ಡಾಯ ಎಂಬ ಕಲಮು ಸಹ ಇತ್ತು. ಕಾಗದದ ಮೇಲೆ ಬಹಳ ಒಳ್ಳೆಯ ಕಲಮುಗಳು. ಗೇಟು ಇರುವ, ಹಾಜರಿ ಪುಸ್ತಕ ಇರುವ ಜಾಗಕ್ಕೆ ಅವು ಹೊಂದುತ್ತವೆ. ಕಬ್ಬಿನ ಫಡಕ್ಕೆ ಯಾವ ಗೇಟು?

ಕೂಲಿಯ ವಿಷಯವೂ ಹಾಗೆಯೇ. ಬಂದ್ ಅವಧಿಯಲ್ಲಿ ಕೆಲಸಗಾರರ ಪಗಾರ ಕಡಿಯಬಾರದು ಎಂದು ಮಾರ್ಚ್ 29ರಂದು ಕೇಂದ್ರದ ಗೃಹ ಇಲಾಖೆ ಆದೇಶ ಮಾಡಿತ್ತು. ಮೇ 18ರಿಂದ ಅದು ಜಾರಿಯಲ್ಲಿ ಉಳಿಯಲಿಲ್ಲ. ಅಂದರೆ ನಿರ್ಬಂಧ ಸಡಿಲಾಗುತ್ತ ಬಂದ ಹಾಗೆ ಆ ಆಸರೆಯೂ ಸಡಿಲಾಯಿತು. ಆದರೆ ನಮ್ಮ ಕಡಿಯುವವರಿಗೆ ಆ ಆದೇಶ ಇದ್ದಾಗಲೂ ಒಂದೇ, ಹೋದಾಗಲೂ ಒಂದೇ. ಅವರಿಗೆ ಪಗಾರ ಎಂಬುದೇ ಇಲ್ಲ. ಟನ್ನಿನ ಮೇಲೆ ಕೂಲಿ, ಅದೂ ಮೊದಲೇ ಎತ್ತಿದ ಉಚಲದಲ್ಲಿ ವಜಾ.

ಶ್ರಮಿಕ ರೈಲುಗಳು ಮೇ 1ರಿಂದ ಹೊರಟವು. ಮೇ 8ರ ನಸುಕಿನಲ್ಲಿ ಔರಂಗಾಬಾದ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದ ಹತ್ತಿರ ಕರಮಾಡದಲ್ಲಿ ನಡೆದದ್ದನ್ನು ನೀವು ಮರೆತಿರಲಾರಿರಿ. ಜಾಲನಾದ ಉಕ್ಕಿನ ಕಾರಖಾನೆಯಲ್ಲಿ ದುಡಿಯುತ್ತಿದ್ದ ಮಧ್ಯಪ್ರದೇಶದ ಕೂಲಿಕಾರರು ಭುಸಾವಳಕ್ಕೆ ಹೋದರೆ ರೈಲು ಸಿಕ್ಕೀತೆಂದು ಹಳಿಗುಂಟ ನಡೆದು, ದಣಿದು, ಹಳಿಯ ಮೇಲೆಯೇ ಮಲಗಿದರು. ಮಾಲಗಾಡಿ ಹಾಯ್ದು 16 ಜನ ಸತ್ತರು. ರೈಲು ಬಿಡಲು ಶುರುವಾದ ಮೇಲೆ, ನಿರ್ಬಂಧ ಸಡಿಲಾಗುತ್ತಿದ್ದ ವಾರದಲ್ಲಿಯೇ ಇದು ಆದದ್ದು ಎಂಬುದನ್ನು ಗಮನಿಸಿರಿ. ಪರವಾನಗಿ ಬಂದಿತ್ತು. ಆ ಪರವಾನಗಿಯನ್ನು ಉಪಯೋಗಿಸುವ ಅನುಕೂಲ ಅವರ ಕೈಗೆ ಮುಟ್ಟಿರಲಿಲ್ಲ.

ಇನ್ನು ನಮ್ಮ ಧಂದೆಗೆ ಬರೋಣ. ನಾನು ಶೇತಕಿ ಕಾಲೇಜಿನಲ್ಲಿ ಕಲಿತವನು, ವೈದ್ಯನಲ್ಲ. ಆದರೆ ರೋಗ ಹಬ್ಬುವ ರೀತಿ ಬೆಳೆಯಲ್ಲಿಯೂ ಮನುಷ್ಯರಲ್ಲಿಯೂ ಒಂದು ಅಂಶದಲ್ಲಿ ಒಂದೇ ಇದೆ: ಮುಚ್ಚಿಟ್ಟ ರೋಗ ಹಬ್ಬುತ್ತದೆ. ಕಾಡಿಗೆ ರೋಗದ ಉದಾಹರಣೆ ತೆಗೆದುಕೊಳ್ಳಿರಿ. ಕಬ್ಬಿನ ಸುಳಿಯಿಂದ ಕರಿ ಚಾಬೂಕಿನಂಥ ಎಳೆ ಹೊರಬಿದ್ದ ಕೂಡಲೇ ಅದಕ್ಕೆ ಚೀಲ ಮುಚ್ಚಿ ಮುರಿದು, ಬುಡ ಸಹಿತ ಕಿತ್ತು ಸುಡಿರಿ, ನಮಗೆ ವರದಿ ಕೊಡಿರಿ ಎಂದು ವರ್ಷಾನುಗಟ್ಟಲೆ ಹೇಳುತ್ತ ಬಂದಿದ್ದೇವೆ. ನೀವು ವರದಿ ಕೊಡುತ್ತೀರಿ. ಏಕೆ ಕೊಡುತ್ತೀರಿ? ಕೊಟ್ಟರೆ ನಿಮಗೆ ನುಕಸಾನಿ ಇಲ್ಲ. ಅದರ ಬದಲು, ಕಾಡಿಗೆ ಕಂಡ ಹೊಲದ ಕಬ್ಬನ್ನು ಕಾರಖಾನೆ ತೆಗೆದುಕೊಳ್ಳುವುದಿಲ್ಲ, ಮೇಲಾಗಿ ದಿನಕ್ಕೆ 500 ರೂಪಾಯಿ ದಂಡ ಎಂದು ನಾವು ನಿಯಮ ಮಾಡಿದ್ದರೆ? ನಿಮ್ಮಲ್ಲಿ ಒಬ್ಬರೂ ವರದಿ ಕೊಡುತ್ತಿರಲಿಲ್ಲ, ಮೂರು ವರ್ಷದಲ್ಲಿ ಇಡೀ ಗಟ ಕರ್ರಗಾಗುತ್ತಿತ್ತು.

ಕಡಿಯುವವರ ಮೇಲೆ ಇರುವುದು ಬಹುತೇಕ ಇದೇ ನಿಯಮ. ಅದರ ಹೆಸರು ಖಾಡಾ. ಟೋಳಿಯಲ್ಲಿ ಒಂದು ಜೋಡಿ ಒಂದು ದಿನ ಫಡಕ್ಕೆ ಬರದಿದ್ದರೆ ಆ ದಿನದ ಕೂಲಿ ಹೋಗುವುದಷ್ಟೇ ಅಲ್ಲ, ಮುಕಾದಮನ ವಹಿಯಲ್ಲಿ ಅವರ ಹೆಸರಿಗೆ ದಂಡ ಬೀಳುತ್ತದೆ. ಅನೇಕ ಕಡೆ ಅದು ದಿನಕ್ಕೆ 500 ರೂಪಾಯಿ. ಈ ಖಾಡಾದ ಅಂಜಿಕೆ ಎಷ್ಟು ದೂರ ಹೋಗುತ್ತದೆ ಎಂಬುದನ್ನು 2019ರಲ್ಲಿ ರಾಜ್ಯವೆಲ್ಲ ಓದಿತು. ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಆರೋಗ್ಯ ನೋಡಲು ನೀಲಂ ಗೋರ್ಹೆ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯ ಮುಂದೆ ಬಂದ ಅಂಕಿ: ವಿಚಾರಿಸಿದ 82 ಸಾವಿರ ಹೆಣ್ಣುಮಕ್ಕಳಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಗರ್ಭಚೀಲ ತೆಗೆಸಿಕೊಂಡಿದ್ದರು. ಕಾರಣಗಳು ಹಲವು ಇದ್ದವು. ಕೆಲಸದ ದಿನ ತಪ್ಪಿಸಬಾರದೆಂಬ ಒತ್ತಾಯ ಅವುಗಳಲ್ಲಿ ಒಂದು. ದಿನ ತಪ್ಪಬಾರದೆಂದು ಮೈಗೆ ಕತ್ತರಿ ಹಾಕಿಸಿಕೊಂಡ ಮನೆತನದಿಂದ ಬಂದ ಮನುಷ್ಯ "ನನಗೆ ಎರಡು ದಿನದಿಂದ ಜ್ವರ, ಕೆಮ್ಮು" ಎಂದು ತಾನಾಗಿ ಬಂದು ಹೇಳುತ್ತಾನೆಯೇ?

ಲೆಕ್ಕ ಹಾಕಿ ನೋಡೋಣ. 2020ರ ಅಕ್ಟೋಬರದಲ್ಲಿ ಕಟಾವಿನ ದರದಲ್ಲಿ ಶೇಕಡಾ 14, 2024ರ ಜನವರಿಯಲ್ಲಿ ಶೇಕಡಾ 34 ಏರಿಕೆಗೆ ಒಪ್ಪಂದವಾಯಿತು. ಆ ಎರಡನೆಯ ಒಪ್ಪಂದದಂತೆ ಟನ್ನಿಗೆ ಸುಮಾರು 366 ರೂಪಾಯಿ ಹಿಡಿಯಿರಿ. ಒಂದು ಜೋಡಿ ದಿನಕ್ಕೆ ಒಂದೂವರೆ ಟನ್ ಕಡಿದರೆ 550 ರೂಪಾಯಿಯ ಹತ್ತಿರ. ಹತ್ತು ದಿನ ಮಲಗಿದರೆ ಐದೂವರೆ ಸಾವಿರ ಹೋಯಿತು. ಖಾಡಾ 500ರಂತೆ ಹತ್ತು ದಿನಕ್ಕೆ ಐದು ಸಾವಿರ. ಕೂಡಿ ಹತ್ತೂವರೆ ಸಾವಿರ. ಔಷಧದ ಖರ್ಚು ಬೇರೆ. ಐವತ್ತು ಸಾವಿರದಿಂದ ಲಕ್ಷದ ಮೇಲೆ ಉಚಲ ಎತ್ತಿದ ಜೋಡಿಗೆ ಇದರ ಅರ್ಥ, ಹಂಗಾಮಿನ ಕೊನೆಗೆ ಬಾಕಿ ಹೊತ್ತುಕೊಂಡು ಊರಿಗೆ ಹೋಗುವುದು ಮತ್ತು ಮುಂದಿನ ವರ್ಷ ಅದೇ ಮುಕಾದಮನಿಗೆ ಕಟ್ಟುಬಿದ್ದು ಬರುವುದು. ಹಾಗಾಗಿ ಅವನು ಜ್ವರ ಮುಚ್ಚಿಡುತ್ತಾನೆ. ಕರವಸ್ತ್ರ ಕಟ್ಟಿಕೊಂಡು ಫಡಕ್ಕೆ ಬರುತ್ತಾನೆ. ಅದೇ ಹಂಡೆಯ ನೀರು ಟೋಳಿಯವರೆಲ್ಲ ಕುಡಿಯುತ್ತಾರೆ, ರಾತ್ರಿ ಅದೇ ಟ್ರ್ಯಾಕ್ಟರಿನಲ್ಲಿ ಒತ್ತಿ ಕುಳಿತು ಹೇರಲು ಹೋಗುತ್ತಾರೆ, ಬೆಳಗಾದರೆ ನಿಮ್ಮ ಮನೆಗೆ ಚಹಾಪುಡಿ ಕೇಳಲು ಬರುತ್ತಾರೆ.

ಇದು 2020-21ರಲ್ಲಿ ಎದ್ದು ಕಾಣಬೇಕಾದ ವಿಷಯವಾಗಿತ್ತು. ನಿರ್ಬಂಧಗಳು ಬಹುಪಾಲು ಸಡಿಲಾಗಿದ್ದವು. ಮಳೆ ಚೆನ್ನಾಗಿ ಆಗಿ ಕಬ್ಬು ವಿಪರೀತ ಬಂದಿತ್ತು. ರಾಜ್ಯದ ನುರಿತ 1000 ಲಕ್ಷ ಟನ್ ದಾಟಿತು. ಎಲ್ಲ ಕಾರಖಾನೆಗಳಿಗೂ ಟೋಳಿ ಬೇಕು, ಎಲ್ಲ ಸಭಾಸದರಿಗೂ ತಮ್ಮ ಫಡಕ್ಕೆ ಮೊದಲು ಬೇಕು. ಶಾಲೆಗಳು ತೆರೆದಿರಲಿಲ್ಲವಾದ್ದರಿಂದ ಊರಲ್ಲಿ ಬಿಟ್ಟು ಬರುತ್ತಿದ್ದ ಎಷ್ಟೋ ಮಕ್ಕಳು ಗಾಡಿ ಹತ್ತಿ ಬಂದರು. ಫೆಬ್ರುವರಿ ದಾಟುತ್ತಲೇ ಎರಡನೆಯ ಅಲೆ ಹಳ್ಳಿಗೆ ಬಂತು. 45 ದಾಟಿದವರಿಗೆ ಏಪ್ರಿಲ್ 1ರಿಂದ, 18 ದಾಟಿದವರಿಗೆ ಮೇ 1ರಿಂದ ಲಸಿಕೆ ಎಂದು ಆಯಿತು. 45ರ ಒಳಗಿನವರು ಮೊದಲು ಮೊಬೈಲಿನಲ್ಲಿ ಹೆಸರು ನೋಂದಿಸಬೇಕಿತ್ತು. ಇಡೀ ಟೋಳಿಗೆ ಒಂದು ಸಾದಾ ಫೋನು ಇರುವವರು ಏನು ನೋಂದಿಸಬೇಕು? ನೇರವಾಗಿ ಕೇಂದ್ರಕ್ಕೆ ಹೋಗಿ ಲಸಿಕೆ ಹಾಕಿಸಿಕೊಳ್ಳುವ ಅನುಕೂಲ ಎಲ್ಲರಿಗೂ ಸಿಕ್ಕಿದ್ದು ಜೂನ್ 21ರಿಂದ. ಆ ಹೊತ್ತಿಗೆ ಗಾಡಿಗಳು ಊರಿಗೆ ತಿರುಗಿಯಾಗಿತ್ತು.

ಈ ಎಲ್ಲದರಿಂದ ನನ್ನ ಮಟ್ಟಿಗೆ ಒಂದು ಮಾತು ಸ್ಪಷ್ಟವಾಗಿದೆ. ನಿರ್ಬಂಧ ತೆಗೆಯುವ ದಿನ ಬಡ ಕೂಲಿಕಾರನಿಗೆ ಬೇಕಾದ ಮೊದಲ ರಕ್ಷಣೆ ಮುಖವಸ್ತ್ರವಲ್ಲ, ಸಾಬೂನಲ್ಲ. ಅವು ಬೇಕೇಬೇಕು, ಆದರೆ ಎರಡನೆಯವು. ಮೊದಲನೆಯದು, ಜ್ವರ ಇದೆ ಎಂದು ಹೇಳಿದರೆ ತನ್ನ ಹೊಟ್ಟೆ ಕಡಿಯುವುದಿಲ್ಲ ಎಂಬ ಭರವಸೆ. ಆ ಭರವಸೆ ಇಲ್ಲದ ಕಡೆ ಥರ್ಮಾಮೀಟರು ಹಿಡಿದು ನಿಂತರೂ ಉಪಯೋಗವಿಲ್ಲ, ಗುಳಿಗೆ ನುಂಗಿ ಮೈ ತಣ್ಣಗೆ ಮಾಡಿಕೊಂಡು ಬರುತ್ತಾರೆ.

ಆದ್ದರಿಂದ ಟನ್ನಿಗೆ 2 ರೂಪಾಯಿ. ಐದು ಲಕ್ಷ ಟನ್ ನುರಿಸುವ ಕಾರಖಾನೆಯಲ್ಲಿ ಅದು ಹತ್ತು ಲಕ್ಷವಾಗುತ್ತದೆ. ಜೋಡಿಗೆ ಹತ್ತು ದಿನಕ್ಕೆ ಐದೂವರೆ ಸಾವಿರದಂತೆ ಕೊಟ್ಟರೆ ನೂರ ಎಂಬತ್ತು ಜೋಡಿಗಳಿಗೆ ಸಾಕು. ಎಕರೆಗೆ 40 ಟನ್ ಬೆಳೆಯುವ ಸಭಾಸದನಿಗೆ ಬೀಳುವ ಭಾರ 80 ರೂಪಾಯಿ. ಹಣ ಮುಕಾದಮನ ಕೈಗೆ ಹೋಗುವುದಿಲ್ಲ, ಜೋಡಿಯ ಹೆಸರಿನ ಖಾತೆಗೆ ಹೋಗುತ್ತದೆ, ಸಾಧ್ಯವಾದಷ್ಟೂ ಹೆಣ್ಣುಮಗಳ ಖಾತೆಗೆ. ಡಾಕ್ಟರರ ಚೀಟಿ ಇದ್ದ ದಿನಗಳಿಗೆ ಖಾಡಾ ಹಚ್ಚಬಾರದು ಎಂಬ ಕರಾರು ಮುಕಾದಮನ ಒಪ್ಪಂದ ಪತ್ರದಲ್ಲಿಯೇ ಬರಬೇಕು. ನನ್ನ ಅಭಿಪ್ರಾಯದಲ್ಲಿ ಠರಾವಿನ ಜೀವ ಈ ಕೊನೆಯ ಕರಾರಿನಲ್ಲಿಯೇ ಇದೆ. ಇದನ್ನು ಬಿಟ್ಟು ಹಣವನ್ನಷ್ಟೇ ಕೊಟ್ಟರೆ ಆ ಹಣ ತಿರುಗಿ ದಂಡಕ್ಕೇ ಹೋಗುತ್ತದೆ.

ನಿಮ್ಮ ತಕರಾರುಗಳು ನನಗೆ ಗೊತ್ತಿವೆ, ಹಾದಿ ಮೇಲೆ ನಿಲ್ಲಿಸಿ ಹೇಳಿದ್ದೀರಿ. "ಫಡಕ್ಕೆ ಬಂದ ಕೂಡಲೇ ಖುಶಾಲಿ ಎಂದು ಎಕರೆಗೆ ಸಾವಿರಾರು ರೂಪಾಯಿ ನಮ್ಮಿಂದ ಕೀಳುತ್ತಾರೆ, ಅವರಿಗೆ ಮತ್ತೆ ನಾವೇ ಕೊಡಬೇಕೇ?" ಖುಶಾಲಿಯ ಪೀಡೆ ನಿಜ. ಅದರ ಬಗ್ಗೆ ಬರೆದು ಕೊಟ್ಟ ತಕ್ರಾರಿಗೆ ಕಟಾವು ವಿಭಾಗ ಉತ್ತರ ಕೊಡಲೇಬೇಕು. ಆದರೆ ಖುಶಾಲಿ ಕೇಳುವವನು ಸಾಮಾನ್ಯವಾಗಿ ಮುಕಾದಮ ಅಥವಾ ವಾಹನದವನು. ಖೋಪಿಯಲ್ಲಿ ಮಲಗಿದವನ ಪಾಲಿಗೆ ಅದರಲ್ಲಿ ಎಷ್ಟು ಬರುತ್ತದೆ, ವಿಚಾರಿಸಿ ನೋಡಿರಿ. "ಉಚಲ ಎತ್ತಿ ಓಡಿಹೋಗುವ ಟೋಳಿಗಳಿಂದ ವಾಹನ ಮಾಲಕರು ಮುಳುಗಿದ್ದಾರೆ" ಎಂಬುದೂ ಸುಳ್ಳಲ್ಲ, ಹೀಗೆ ಮುಳುಗಿದವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಅದಕ್ಕೆ ಉಪಾಯ ಪ್ರತಿ ಜೋಡಿಯ ಹೆಸರು, ಊರು, ಆಧಾರ ನಂಬರು ಕಾರಖಾನೆಯ ವಹಿಯಲ್ಲಿ ಇರುವುದು. ಜ್ವರದ ಕೂಲಿ ಕೊಡಬೇಕಾದರೂ ಬೇಕಾದದ್ದು ಅದೇ ವಹಿ. ಒಂದು ಕೆಲಸದಿಂದ ಎರಡೂ ಆಗುತ್ತವೆ.

"ಗೋಪಿನಾಥ ಮುಂಡೆ ಮಹಾಮಂಡಳಕ್ಕೆ ಟನ್ನಿಗೆ 10 ರೂಪಾಯಿ ಇದೆಯಲ್ಲ?" ಎಂದು ಒಬ್ಬ ಹಿರಿಯ ಸಭಾಸದರು ಕೇಳಿದರು. ಇದೆ. ಕಾರಖಾನೆಯಿಂದ ಹತ್ತು, ಸರಕಾರದಿಂದ ಅಷ್ಟೇ ಎಂದು ಅದರ ಯೋಜನೆ. ಕಡಿಯುವವರ ಮಕ್ಕಳ ವಸತಿಗೃಹದಂಥ ದೊಡ್ಡ ಕೆಲಸಗಳಿಗೆ ಅದು ತಕ್ಕದ್ದು. ನಿಮ್ಮ ಫಡದಲ್ಲಿ ಮಂಗಳವಾರ ರಾತ್ರಿ ಒಬ್ಬ ಹೆಣ್ಣುಮಗಳಿಗೆ ಜ್ವರ ಬಂದರೆ ಬುಧವಾರ ಬೆಳಿಗ್ಗೆ ಆಕೆ ಕೋಯ್ತಾ ಹಿಡಿಯದೇ ಇರಲು ಬೇಕಾದ ಹಣ ಹತ್ತಿರದ ಗಟ ಕಚೇರಿಯಲ್ಲಿರಬೇಕು.

ಯಂತ್ರ ಬರುತ್ತದೆ, ಮನುಷ್ಯರ ಗೊಡವೆಯೇ ಬೇಡ ಎನ್ನುವ ತರುಣರೂ ಇದ್ದಾರೆ. ಯಂತ್ರಕ್ಕೆ ಸಾಲಿನಿಂದ ಸಾಲಿಗೆ ನಾಲ್ಕೂವರೆ ಐದು ಫೂಟು ಅಂತರ ಬೇಕು, ತಿರುಗಲು ಜಾಗ ಬೇಕು. ನಮ್ಮ ಎರಡು ಎಕರೆಯ ತುಂಡುಗಳು, ನಡುವೆ ಬದುವು, ಬದುವಿನ ಮೇಲೆ ಬೇವಿನ ಮರ. ಇನ್ನೂ ಬಹಳ ವರ್ಷ ಕೋಯ್ತಾ ಬೇಕಾಗುತ್ತದೆ.

ಮತ್ತೊಂದು ಮಾತು ಸಭಾಸದರು ನೆನಪಿಡಬೇಕು. ಕಬ್ಬಿನ ದರ ಕಾರಖಾನೆಯ ಗೇಟಿಗೆ ಲೆಕ್ಕ. ಕಟಾವು ಮತ್ತು ಸಾಗಣೆಯ ಖರ್ಚು ನಿಮ್ಮ ಬಿಲ್ಲಿನಿಂದಲೇ ವಜಾ ಆಗುತ್ತದೆ. ಅಂದಮೇಲೆ ಕಡಿಯುವವರಿಗೆ ಕೂಲಿ ಕೊಡುವವರು ಖರೇ ನೋಡಿದರೆ ನೀವು. ಕಡಿದ ಕಬ್ಬು 24 ತಾಸಿನಲ್ಲಿ ಗವಾಣಿಗೆ ಬರಬೇಕು, ತಡವಾದರೆ ತೂಕವೂ ಸಕ್ಕರೆಯೂ ಇಳಿಯುತ್ತವೆ ಎಂದು ನಾವು ನಿಯಮ ಇಟ್ಟುಕೊಂಡಿದ್ದೇವೆ. ಕಡಿದವನಿಗೆ ಜ್ವರ ಬಂದರೆ ಎಷ್ಟು ತಾಸಿನಲ್ಲಿ ಡಾಕ್ಟರರ ಹತ್ತಿರ ಮುಟ್ಟಬೇಕು ಎಂಬ ನಿಯಮ ಯಾವ ಕಾರಖಾನೆಯ ಪುಸ್ತಕದಲ್ಲಿಯೂ ನಾನು ನೋಡಿಲ್ಲ. ಅದೂ 24 ತಾಸೇ ಇರಲಿ ಎಂದು ಠರಾವಿನಲ್ಲಿ ಬರೆಸಿದ್ದೇನೆ. ಸೋಮವಾರ ಹೇರಿದ ಗಾಡಿಯಲ್ಲಿಯೇ ಅವನನ್ನು ಕೂರಿಸಿಕೊಂಡು ಬಂದರೂ ನಡೆದೀತು.

ಹಣದ ಹೊರತಾಗಿ ನೀವು ಮಾಡಬಹುದಾದವು ಕೆಲವಿವೆ. ನಿಮ್ಮ ಹೊಲದಲ್ಲಿ ಖೋಪಿ ಹಾಕಿಸುವಾಗ ಒಂದಕ್ಕೊಂದು ತಗಲಿಸದೆ ಹತ್ತು ಹದಿನೈದು ಫೂಟು ಬಿಡಿಸಿರಿ, ಬಾವಿಯ ಮೋಟಾರು ದಿನಕ್ಕೆ ಅರ್ಧ ತಾಸು ಅವರಿಗಾಗಿ ಬಿಡಿರಿ, ಹೆಣ್ಣುಮಕ್ಕಳಿಗೆ ಸ್ನಾನಕ್ಕೆ ನಾಲ್ಕು ಗೂಟ ನೆಟ್ಟು ತಾಡಪತ್ರಿ ಕಟ್ಟಿಸಿರಿ. ರೋಗದ ಕಾಲದಲ್ಲಿ ಒಂದು ಖೋಪಿ ಖಾಲಿ ಇರಲಿ, ಜ್ವರ ಬಂದವರು ಅಲ್ಲಿ ಬೇರೆ ಇರಲು. ಪಡಿತರದ ಬಗ್ಗೆ ಒಂದು ಉಪಯುಕ್ತ ಮಾತು: 2020ರ ಜನವರಿಯಿಂದ ಮಹಾರಾಷ್ಟ್ರ, ಕರ್ನಾಟಕ ಎರಡೂ ಒಂದೇ ಪಡಿತರ ಚೀಟಿಯ ಯೋಜನೆಯಲ್ಲಿವೆ. ಬೀಡದ ಚೀಟಿಗೆ ಅಕ್ಕಲಕೋಟದ ಅಂಗಡಿಯಲ್ಲಿ, ಇಂಡಿಯ ಚೀಟಿಗೆ ಜತ್ತದ ಅಂಗಡಿಯಲ್ಲಿ ಧಾನ್ಯ ಸಿಗಬೇಕು. ಚೀಟಿಯ ನಂಬರು ಮತ್ತು ಆಧಾರ ಗೊತ್ತಿದ್ದು ಬೆರಳೊತ್ತಿದರೆ ಆಯಿತು, ಊರಲ್ಲಿರುವ ಮುದುಕರ ಪಾಲು ಅವರಿಗೆ ಉಳಿಯುತ್ತದೆ. ಅಂಗಡಿಯವನು ಇಲ್ಲ ಎಂದರೆ ನಿಮ್ಮಲ್ಲೊಬ್ಬರು ಜೊತೆಗೆ ಹೋಗಿ ನಿಂತುಕೊಳ್ಳಿರಿ. ಊರಿನ ಸಭಾಸದ ಬಂದು ನಿಂತರೆ ಮಷೀನು ಚಾಲೂ ಆಗುತ್ತದೆ ಎಂಬುದು ನನ್ನ ಅನುಭವ.

ಇನ್ನು ಕೆಲಸದ ಮಾತು. ಟೋಳಿಗಳು ಬಂದ ಮೂರು ದಿನಗಳೊಳಗೆ ಜೋಡಿಗಳ ಹೆಸರು, ಊರು, ಮಕ್ಕಳ ಸಂಖ್ಯೆ, ಗರ್ಭಿಣಿಯರು ಇದ್ದರೆ ಅದು, ಪಡಿತರ ಚೀಟಿಯ ನಂಬರು, ಬ್ಯಾಂಕ ಖಾತೆ ಇವನ್ನು ಬರೆದುಕೊಳ್ಳಲು ಹಳದಿ ಫಾರ್ಮು ಮಾಡಿಸಿದ್ದೇವೆ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇದೆ. ಅದು ಪ್ರತಿ ಗಟ ಕಚೇರಿಯಲ್ಲಿ ಸಿಗುತ್ತದೆ. ಯಾರ ಫಡದಲ್ಲಿ ಟೋಳಿ ಮೊದಲು ಇಳಿಯುತ್ತದೆಯೋ ಆ ಸಭಾಸದರು ಸ್ಲಿಪ್ ಬಾಯ್ ಜೊತೆ ಕುಳಿತು ಅದನ್ನು ತುಂಬಿಸಿಕೊಡಬೇಕು. ಠರಾವಿನ ನಕಲು ಈ ಸಂಚಿಕೆಯ ಕೊನೆಯ ಪುಟದಲ್ಲಿದೆ. ತಿದ್ದುಪಡಿ ಸೂಚಿಸುವವರು ವಾರ್ಷಿಕ ಸಭೆಯ ಎಂಟು ದಿನ ಮೊದಲು ಲೇಖಿ ರೂಪದಲ್ಲಿ ಕಾರ್ಯಾಲಯಕ್ಕೆ ಮುಟ್ಟಿಸಬೇಕು. 2 ರೂಪಾಯಿ ಹೆಚ್ಚಾಯಿತು ಎನ್ನುವವರು ಒಂದೂವರೆ ಎಂದು ಬರೆದು ಕೊಡಲಿ, ಚರ್ಚೆಗೆ ತೆಗೆದುಕೊಳ್ಳೋಣ. ಖಾಡಾದ ಕರಾರನ್ನು ಮಾತ್ರ ತೆಗೆಯಲು ಸೂಚಿಸಬೇಡಿರಿ ಎಂದು ನನ್ನ ವಿನಂತಿ.